ಕ್ಷಯ ರೋಗಾಣು ಮತ್ತು ದೇಹದ ರಕ್ಷಣೆ: ಚಿಕಿತ್ಸೆ ಆರು ತಿಂಗಳೇಕೆ?

ಕ್ಷಯದ ಚಿಕಿತ್ಸೆ ಆರಂಭಿಸಿದ ಒಂದೆರಡು ತಿಂಗಳಲ್ಲಿ ಸಾಮಾನ್ಯವಾಗಿ ಕೆಮ್ಮು ತಗ್ಗುತ್ತದೆ, ಜ್ವರ ಇಳಿಯುತ್ತದೆ, ಹಸಿವು ಮರಳುತ್ತದೆ. ‘ಗುಣವಾಯಿತಲ್ಲ, ಇನ್ನೂ ನಾಲ್ಕು ತಿಂಗಳು ಮಾತ್ರೆ ಏಕೆ?’ ಎಂಬ ಪ್ರಶ್ನೆ ರೋಗಿಯ ಮನೆಯಲ್ಲಿ ಏಳುವುದು ಸಹಜ. ಗ್ರಾಮ ಪಂಚಾಯಿತಿ ಸದಸ್ಯರು ಹಾಗೂ ಆಶಾ ಕಾರ್ಯಕರ್ತೆಯರು ಇದಕ್ಕೆ ಉತ್ತರ ನೀಡಬೇಕಾದರೆ ರೋಗಾಣುವಿನ ಸ್ವಭಾವವನ್ನು ಅರಿತಿರಬೇಕು.

1882ರ ಮಾರ್ಚ್ 24ರಂದು ಬರ್ಲಿನ್ ನಗರದಲ್ಲಿ ರಾಬರ್ಟ್ ಕಾಕ್ ಅವರು ಕ್ಷಯಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ಪ್ರಕಟಪಡಿಸಿದರು. ಈ ರೋಗಾಣು ಗಾಳಿಯ ಮೂಲಕ ಶ್ವಾಸಕೋಶವನ್ನು ಸೇರಿದೊಡನೆ ಅಲ್ಲಿನ ಕಾವಲು ಕಣಗಳಾದ ಮ್ಯಾಕ್ರೋಫೇಜ್‌ಗಳು ಅದನ್ನು ನುಂಗುತ್ತವೆ. ನುಂಗಿದ ಬ್ಯಾಕ್ಟೀರಿಯಾವನ್ನು ಕಣದೊಳಗಿನ ಒಂದು ಚೀಲದಲ್ಲಿರಿಸಿ, ಆಮ್ಲ ಮತ್ತು ಕಿಣ್ವಗಳಿಂದ ತುಂಬಿದ ಮತ್ತೊಂದು ಚೀಲವನ್ನು ಅದಕ್ಕೆ ಕೂಡಿಸಿ ಕೊಲ್ಲುವುದು ದೇಹದ ಕ್ರಮ. ಕ್ಷಯದ ರೋಗಾಣು ಈ ಎರಡು ಚೀಲಗಳು ಕೂಡದಂತೆ ತಡೆಯುತ್ತದೆ. ಮೇಣದಂತಹ ದಪ್ಪ ಹೊರಕವಚವೂ ಅದಕ್ಕೆ ರಕ್ಷಣೆ. ಹೀಗೆ ತನ್ನನ್ನು ಕೊಲ್ಲಬೇಕಾದ ಕಣದಲ್ಲಿಯೇ ಅದು ಬೆಳೆಯುತ್ತದೆ.

ಕೆಲವು ವಾರಗಳ ನಂತರ ಟಿ-ಕಣಗಳು ನೆರವಿಗೆ ಬಂದು ಮ್ಯಾಕ್ರೋಫೇಜ್‌ಗಳನ್ನು ಬಲಪಡಿಸುತ್ತವೆ. ಎಲ್ಲವೂ ಸೇರಿ ರೋಗಾಣುವಿನ ಸುತ್ತ ಗಂಟಿನಂತಹ ಗೋಡೆ ಕಟ್ಟುತ್ತವೆ. ಸೋಂಕು ತಗುಲಿದ ಬಹುಪಾಲು ಜನರಲ್ಲಿ ರೋಗಾಣು ಅಲ್ಲಿಯೇ ಸುಪ್ತವಾಗಿರುತ್ತದೆ. ಜೀವಮಾನದಲ್ಲಿ ರೋಗ ಕಾಣಿಸಿಕೊಳ್ಳುವುದು ಶೇ. 5ರಿಂದ 10ರಷ್ಟು ಮಂದಿಗೆ ಮಾತ್ರ. ಅಪೌಷ್ಟಿಕತೆ, ಮಧುಮೇಹ, ಎಚ್‌ಐವಿ, ಧೂಮಪಾನ ಹಾಗೂ ಕಲ್ಲುಪುಡಿಯ ಧೂಳು ಈ ರಕ್ಷಣೆಯನ್ನು ಸಡಿಲಗೊಳಿಸುತ್ತವೆ.

ಔಷಧಗಳು ವೇಗವಾಗಿ ಬೆಳೆಯುವ ರೋಗಾಣುಗಳನ್ನು ಬೇಗ ಕೊಲ್ಲುತ್ತವೆ. ಆದುದರಿಂದಲೇ ಆರಂಭದಲ್ಲಿ ಆರೋಗ್ಯ ಸುಧಾರಿಸುತ್ತದೆ. ಆದರೆ ನಿಧಾನವಾಗಿ ಬೆಳೆಯುತ್ತ ಅಡಗಿರುವವು ಉಳಿದಿರುತ್ತವೆ. ಅವುಗಳನ್ನು ನಿರ್ಮೂಲಗೊಳಿಸಲು ಮೊದಲ ಎರಡು ತಿಂಗಳು ನಾಲ್ಕು ಔಷಧ, ಮುಂದಿನ ನಾಲ್ಕು ತಿಂಗಳು ಮೂರು ಔಷಧಗಳ ಸಾಮಾನ್ಯ ಕ್ರಮವಿದೆ. ನಡುವೆ ನಿಲ್ಲಿಸಿದರೆ ರೋಗ ಮರುಕಳಿಸಬಹುದು, ಔಷಧಕ್ಕೆ ಬಗ್ಗದ ಕ್ಷಯವೂ ಉಂಟಾಗಬಹುದು. ಅದು ಮನೆಮಂದಿಗೂ ಹರಡಬಹುದು.

ಆದ್ದರಿಂದ ಸದಸ್ಯರು ಗಮನಿಸಬೇಕಾದ ಅಂಶಗಳು:

1. ಎರಡು ವಾರ ಮೀರಿದ ಕೆಮ್ಮು ಇರುವವರನ್ನು ಉಚಿತ ಪರೀಕ್ಷೆಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸುವುದು.

2. ಮೂರನೆಯ ತಿಂಗಳಿನಿಂದ ರೋಗಿಯ ಮನೆ ಭೇಟಿಯನ್ನು ಕಡಿಮೆ ಮಾಡದಿರುವುದು. ಮಾತ್ರೆ ಬಿಡುವ ಸಂಭವ ಹೆಚ್ಚುವುದು ಆಗಲೇ.

3. ನಿಕ್ಷಯ್ ಪೋಷಣ್ ಯೋಜನೆಯ ಮಾಸಿಕ 1,000 ರೂ. ರೋಗಿಯ ಖಾತೆಗೆ ಜಮೆಯಾಗಿರುವುದನ್ನು ಖಚಿತಪಡಿಸಿಕೊಳ್ಳುವುದು. ಪೌಷ್ಟಿಕ ಆಹಾರವು ದೇಹದ ರಕ್ಷಣೆಗೆ ಬಲ ನೀಡುತ್ತದೆ.

ಕೆಮ್ಮು ನಿಂತಿತೆಂದು ಔಷಧ ನಿಲ್ಲಬಾರದು. ಚಿಕಿತ್ಸೆ ಮುಗಿಯಿತೆಂದು ಹೇಳಬೇಕಾದವರು ವೈದ್ಯರು.