ಬ್ಯಾಟರಿ ಕೊಳ್ಳುವ ಮೊದಲು ಮೀಟರ್ ಇಡಿಸಿ

ಬ್ಯಾಟರಿ ಮಾರುವವನ ಹತ್ತಿರ ಹೋಗಿ ಬ್ಯಾಟರಿ ಹೋಗಿದೆಯೇ ಎಂದು ಕೇಳಿದರೆ ಬರುವ ಉತ್ತರ ಒಂದೇ. ಹಾಗೆ ಕೇಳಿ ಕೇಳಿಯೇ ನಮ್ಮ ಮನೆಯ ಕಾರಿಗೆ ಒಂದರ ಹಿಂದೆ ಒಂದು ಎರಡು ಬ್ಯಾಟರಿ ಬಂದವು. ಹಳೆಯದನ್ನು ಕೊಟ್ಟು ತಲಾ 4,200 ರೂಪಾಯಿ. ನಿಜವಾಗಿ ಕೆಟ್ಟಿದ್ದು ಬಾನೆಟ್ಟಿನ ಕೆಳಗಿನ ಒಂದು ಪುಟ್ಟ ಸ್ವಿಚ್ಚು. ಅದಕ್ಕೆ ನೂರು ರೂಪಾಯಿಯೂ ಆಗುವುದಿಲ್ಲ.

ಕಾರು ಹೊಸದಾಗಿ ತೆಗೆದುಕೊಂಡಾಗ ಶೋರೂಮಿನವರು ಸೆಕ್ಯುರಿಟಿ ಪ್ಯಾಕೇಜ್ ಎಂದು 6,500 ರೂಪಾಯಿಯ ಅಲಾರಂ ಸೇರಿಸಿದ್ದರು. ನಾವಿರುವುದು ಮುಂಬೈಯ ಜೋಗೇಶ್ವರಿ ಪೂರ್ವದಲ್ಲಿ. ಪ್ರತಿದಿನ ಮರೋಲ್‌ವರೆಗೆ ಕಾರಿನಲ್ಲೇ ಹೋಗಿಬರುತ್ತಿದ್ದಷ್ಟು ಕಾಲ ಏನೂ ತಕರಾರಿರಲಿಲ್ಲ. 2023ರ ಜನವರಿಯಲ್ಲಿ ಮೆಟ್ರೊ 7 ನಮ್ಮ ಜೋಗೇಶ್ವರಿ ದಾಟಿ ಗುಂದವಲಿಯವರೆಗೆ ಓಡತೊಡಗಿತು. ಅಲ್ಲಿ ಲೈನ್ ಬದಲಿಸಿದರೆ ಮರೋಲ್ ನಾಕಾ. ಹೈವೇಯ ಜಾಮಿನಲ್ಲಿ ಕೂರುವ ಕರ್ಮ ಯಾರಿಗೆ ಬೇಕು? ಕಾರು ಸೊಸೈಟಿಯ ಕಂಪೌಂಡಿನಲ್ಲೇ ನಿಂತಿತು. ಆಗ ಶುರುವಾಯಿತು ನೋಡಿ.

ಎರಡು ದೂರು. ಒಂದು, ಶುಕ್ರವಾರ ನಿಲ್ಲಿಸಿದ ಗಾಡಿ ಸೋಮವಾರ ಬೆಳಿಗ್ಗೆ ಸೆಲ್ಫ್ ಎತ್ತುವುದಿಲ್ಲ. ಇನ್ನೊಂದು, ಮಧ್ಯರಾತ್ರಿ ಹತ್ತಿರ ಬೆಕ್ಕೂ ಸುಳಿಯದಿದ್ದರೂ ಸೈರನ್. ವಾಚ್‌ಮನ್ ಇಂಟರ್‌ಕಾಮಿನಲ್ಲಿ ಎಬ್ಬಿಸುತ್ತಾನೆ, ಎದುರು ಮನೆಯವರು ಕಿಟಕಿಗೆ ಬರುತ್ತಾರೆ. ಬ್ಯಾಟರಿಯ ದೂರು ಬ್ಯಾಟರಿ ಅಂಗಡಿಗೆ ಹೋಯಿತು. ಸೈರನ್ನಿನ ದೂರಿಗೆ ಎಕ್ಸೆಸರಿ ಅಂಗಡಿಯವನು ಸೆನ್ಸರ್ ತಿರುಗಿಸಿ 300 ರೂಪಾಯಿ ತೆಗೆದುಕೊಂಡ. ಎರಡೂ ಒಂದೇ ಕಾಯಿಲೆಯೆಂದು ಯಾರಿಗೂ ಹೊಳೆಯಲಿಲ್ಲ. ವೋಲ್ಟೇಜ್ ಕುಸಿದರೆ ಎಷ್ಟೋ ಅಲಾರಂಗಳು ಯಾರೋ ವೈರ್ ಕತ್ತರಿಸುತ್ತಿದ್ದಾರೆಂದು ತಿಳಿದು ಕೂಗುತ್ತವೆ. ಕೂಗಿದಷ್ಟೂ ವೋಲ್ಟೇಜ್ ಮತ್ತೆ ಕುಸಿಯುತ್ತದೆ.

ಕೊನೆಗೆ ಓಶಿವರಾ ಕಡೆಯಿಂದ ಬಂದ ವಯಸ್ಸಾದ ವೈರ್‌ಮನ್ ಬ್ಯಾಟರಿಯ ಮುಖ ನೋಡುವ ಮೊದಲು ನೆಗೆಟಿವ್ ಟರ್ಮಿನಲ್ ಬಿಚ್ಚಿ ನಡುವೆ ಮೀಟರ್ ಇಟ್ಟ, 10 ಆಂಪಿಯರ್ ರೇಂಜಿನಲ್ಲಿ. ಬಾಗಿಲ ಲಾಕನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದಂತೆ ಮಾಡಿ, ಅರ್ಧ ಗಂಟೆ ಏನನ್ನೂ ಮುಟ್ಟದೆ ಕೂತ. ಈಗಿನ ಕಾರಿನ ಎಲೆಕ್ಟ್ರಾನಿಕ್ ಡಬ್ಬಗಳು ಮಲಗಲು ಅಷ್ಟು ಹೊತ್ತು ಬೇಕಂತೆ. ಅಷ್ಟಾದರೂ ಮೀಟರ್ 0.31ರಲ್ಲೇ ನಿಂತಿತ್ತು. 0.05ರ ಒಳಗಿರಬೇಕು.

ಇಲ್ಲಿ ಪೆನ್ಸಿಲ್ ಹಿಡಿದು ಕೂರಿ. 0.31ನ್ನು 24 ಗಂಟೆಗೆ ಗುಣಿಸಿದರೆ ದಿನಕ್ಕೆ 7.44 ಆಂಪಿಯರ್-ಅವರ್. ನಮ್ಮದು 35ರ ಬ್ಯಾಟರಿ. ಅರ್ಧ ಖಾಲಿಯಾದರೆ ಸೆಲ್ಫ್ ಎತ್ತುವುದು ದೇವರ ದಯೆ, ಅಂದರೆ ಕೈಗೆ ಸಿಗುವುದು 17.5. ಅದನ್ನು 7.44ರಿಂದ ಭಾಗಿಸಿ: ಎರಡು ದಿನ, ಮೇಲೆ ಎಂಟು ಗಂಟೆ. ಶುಕ್ರವಾರ ರಾತ್ರಿಯಿಂದ ಸೋಮವಾರ ಬೆಳಿಗ್ಗೆಗೆ ಸರಿಯಾಯಿತಲ್ಲ! ಸೋರಿಕೆ 0.03 ಆಗಿದ್ದರೆ ದಿನಕ್ಕೆ 0.72, ಅದೇ 17.5 ಇಪ್ಪತ್ತನಾಲ್ಕು ದಿನ ಬರುತ್ತಿತ್ತು. ಇನ್ನು ತುಂಬಿಸುವ ಕಡೆ ನೋಡಿ. ವಾರಕ್ಕೆ ಸೋರುವುದು 52. ಎ.ಸಿ., ಹೆಡ್‌ಲೈಟ್, ವೈಪರ್ ಎಲ್ಲ ಕಳೆದು ಬ್ಯಾಟರಿಗೆ 10 ಆಂಪಿಯರ್ ಉಳಿಯಿತೆಂದು ಉದಾರವಾಗಿ ಹಿಡಿದರೂ ವಾರಕ್ಕೆ ಐದು ಗಂಟೆಗೂ ಹೆಚ್ಚು ಓಡಿಸಬೇಕು. ಮರೋಲ್‌ಗೆ ಹೋಗಿಬರುತ್ತಿದ್ದಾಗ ಅದು ಹೇಗೋ ಸರಿದೂಗುತ್ತಿತ್ತು. ಸೋರಿಕೆ ಮೊದಲೇ ಇತ್ತು; ಓಡಾಟ ಅದನ್ನು ಮುಚ್ಚಿಟ್ಟಿತ್ತು.

ವೈರ್‌ಮನ್ ಫ್ಯೂಸ್ ಒಂದೊಂದಾಗಿ ಕಿತ್ತ. ಮೀಟರ್ ಕದಲಲಿಲ್ಲ. ಹೊರಗಿನಿಂದ ಹಾಕಿಸಿದ ಅಲಾರಮ್ಮಿನ ಕರಾಮತ್ತೇ ಇದು. ಫ್ಯೂಸ್ ಬಾಕ್ಸಿನ ಗೊಡವೆಯಿಲ್ಲದೆ ನೇರ ಬ್ಯಾಟರಿಯಿಂದ ಕರೆಂಟ್ ಎಳೆದಿರುತ್ತಾರೆ, ಅದರದೇ ಫ್ಯೂಸು ಸ್ಟೀರಿಂಗ್ ಕೆಳಗೆ ಕಪ್ಪು ಟೇಪಿನೊಳಗೆ ಅಡಗಿರುತ್ತದೆ. ಅದನ್ನು ಕಿತ್ತದ್ದೇ 0.31 ಇದ್ದದ್ದು 0.03ಕ್ಕೆ ಬಂತು. ಮಳೆ ಮತ್ತು ವೆರ್ಸೋವಾ ಕಡೆಯ ಉಪ್ಪುಗಾಳಿಗೆ ಬಾನೆಟ್ ಸ್ವಿಚ್ ತುಕ್ಕು ಹಿಡಿದಿತ್ತು. ಬಾನೆಟ್ ತೆರೆದೇ ಇದೆಯೆಂದು ನಂಬಿದ ಅಲಾರಂ ತಾನೂ ಮಲಗದೆ ಕಾರನ್ನೂ ಮಲಗಗೊಡುತ್ತಿರಲಿಲ್ಲ. ವೈರ್‌ಮನ್ ಕೇಳಿದ್ದು 600 ರೂಪಾಯಿ.

ಸ್ವಿಚ್ ಬದಲಿಸಿ ಸುಮ್ಮನಾಗಬಹುದಿತ್ತು. ಆದರೆ ಈ ಅಲಾರಮ್ಮನ್ನು ಮಾರುವಾಗ ಹೇಳಿದ ಮಾತು ನೆನಪಾಗಿ ಮೈ ಉರಿಯಿತು: ಇನ್ಶೂರೆನ್ಸ್‌ನಲ್ಲಿ ಡಿಸ್ಕೌಂಟ್ ಸಿಗುತ್ತದೆ, ದುಡ್ಡು ವಾಪಸ್ ಬಂದ ಹಾಗೆ. ಸಿಗುವುದೆಷ್ಟು ಗೊತ್ತೇ? ಪುಣೆಯ ವಾಹನ ಸಂಶೋಧನಾ ಸಂಸ್ಥೆ ಎಆರ್‌ಎಐ ಒಪ್ಪಿದ ಸಾಧನವಾಗಿದ್ದು, ಅಳವಡಿಕೆಗೆ ಆಟೊಮೊಬೈಲ್ ಅಸೋಸಿಯೇಷನ್ನಿನ ಸರ್ಟಿಫಿಕೇಟ್ ಇದ್ದರೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಶೇಕಡಾ 2.5, ಅದೂ 500 ರೂಪಾಯಿ ಮೀರದಂತೆ. ನಮ್ಮ ಓನ್ ಡ್ಯಾಮೇಜ್ 5,600. ವರ್ಷಕ್ಕೆ 140 ರೂಪಾಯಿ. 6,500 ವಾಪಸ್ ಬರಲು ನಲವತ್ತಾರು ವರ್ಷ; ಆರ್‌ಸಿ ಇರುವುದು ಹದಿನೈದಕ್ಕೆ. ಅದೂ ಸರ್ಟಿಫಿಕೇಟ್ ಇದ್ದರೆ ತಾನೆ? ನಮಗೆ ಅದನ್ನು ಯಾರೂ ಕೊಟ್ಟೇ ಇಲ್ಲ. ಕಾರಿಗೆ ಕಂಪನಿಯ ಇಮ್ಮೊಬಿಲೈಸರ್ ಇರುವಾಗ ಈ ಕಿರಿಚುವ ಡಬ್ಬ ಯಾವ ಕಳ್ಳನನ್ನು ತಡೆಯುತ್ತದೆ? ಸೈರನ್ ಕೇಳಿ ಮುಂಬೈಯಲ್ಲಿ ಯಾರಾದರೂ ಕಳ್ಳನನ್ನು ಹುಡುಕಿಕೊಂಡು ಇಳಿಯುತ್ತಾರೆಯೇ, ಕಾರಿನ ಯಜಮಾನನನ್ನು ಬೈಯಲು ಇಳಿಯುತ್ತಾರೆಯೇ? ಸೈರನ್ ಸಮೇತ ಪೂರ್ತಿ ಕಳಚಿಸಿದೆ.

ವಾರಂಟಿಯನ್ನೂ ನಂಬಿ ಕೂರಬೇಡಿ. ಸೋರಿ ಖಾಲಿಯಾದ ಬ್ಯಾಟರಿಯನ್ನು ಚಾರ್ಜಿಗೆ ಹಾಕಿ, ಇದು ಸರಿಯಿದೆ ಎಂದು ವಾಪಸ್ ಕೊಡುತ್ತಾರೆ. ಹಾಗೆ ನಾಲ್ಕಾರು ಸಲ ಪೂರ್ತಿ ಖಾಲಿಯಾದರೆ ಆಯುಷ್ಯ ಹೇಗೂ ಮುಗಿಯುತ್ತದೆ; ಅಷ್ಟರಲ್ಲಿ ಫ್ರೀ ಅವಧಿ ದಾಟಿ ಪ್ರೊ-ರೇಟಾ ಶುರುವಾಗಿರುತ್ತದೆ. 2025ರ ಸೆಪ್ಟೆಂಬರಿನಲ್ಲಿ ಬ್ಯಾಟರಿಯ ಜಿಎಸ್‌ಟಿ 28ರಿಂದ 18ಕ್ಕೆ ಇಳಿದ ಮೇಲೆ ನಮ್ಮ ಬಿಲ್ಡಿಂಗಿನಲ್ಲಿ ಬದಲಿಸುವ ಚಪಲ ಇನ್ನೂ ಜಾಸ್ತಿಯಾಗಿದೆ. ಅಷ್ಟೇ ತಾನೆ, ಹೊಸದು ಹಾಕಿಬಿಡು ಎನ್ನುತ್ತಾರೆ. ಫ್ರಿಜ್ಜಾಗಲಿ, ಗೀಸರಾಗಲಿ, ಫೋನಾಗಲಿ ಇದೇ ಮಾತು. ಏಕೆ ಹೋಯಿತು ಎಂದು ಕೇಳುವುದಕ್ಕೆ ನಮಗೇಕೋ ಸಂಕೋಚ; ಬಿಲ್ ಕೊಡುವುದಕ್ಕೆ ಇಲ್ಲ. ಐನೂರು ರೂಪಾಯಿಯ ಮಲ್ಟಿಮೀಟರ್ ಮನೆಯಲ್ಲಿರಲಿ. ರಾತ್ರಿ ನಿಂತ ಗಾಡಿಯ ಬ್ಯಾಟರಿ ಬೆಳಿಗ್ಗೆ 12.6 ತೋರಿಸಿದರೆ ತುಂಬಿದೆ, 12.2ಕ್ಕೆ ಅರ್ಧ. ಎಂಜಿನ್ ಓಡುವಾಗ 14ರ ಆಸುಪಾಸು ಬಾರದಿದ್ದರೆ ಆಲ್ಟರ್ನೇಟರ್ ನೋಡಿಸಿ. ಆಂಪಿಯರ್ ಅಳೆಯಲು ಮೀಟರ್ ನಡುವೆ ಇಟ್ಟಾಗ ಮಾತ್ರ ಅಪ್ಪಿತಪ್ಪಿಯೂ ಕೀಲಿ ತಿರುಗಿಸಬೇಡಿ, ಮೀಟರಿನ ಫ್ಯೂಸ್ ಹಾರುತ್ತದೆ.

ಮೇ ತಿಂಗಳಲ್ಲಿ ಮತ್ಸ್ಯಗಂಧಾ ರೈಲು ಹತ್ತಿ ಊರಿಗೆ ಹೋದರೆ ತಿಂಗಳುಗಟ್ಟಲೆ ಬಾರದವರು ನಮ್ಮಲ್ಲಿ ಬಹಳ. ಅವರಿಗೆ 0.03 ಕೂಡ ಹೆಚ್ಚೇ. ಹತ್ತರ ಸ್ಪ್ಯಾನರಿನಿಂದ ನೆಗೆಟಿವ್ ಟರ್ಮಿನಲ್ ಬಿಚ್ಚಿಟ್ಟು ಹೋಗಿ. ರೇಡಿಯೊಗೆ ಕೋಡ್ ಇದ್ದರೆ ಮೊದಲೇ ಬರೆದಿಟ್ಟುಕೊಳ್ಳಿ, ಡಿಕ್ಕಿ ಸ್ವಿಚ್ಚಿನಿಂದ ತೆರೆಯುವಂಥದಾದರೆ ಸ್ಪ್ಯಾನರನ್ನು ಅದರೊಳಗೆ ಇಡಬೇಡಿ, ಬಾಗಿಲನ್ನು ಕೀಲಿಯಿಂದಲೇ ಹಾಕಿ. ಆಮೇಲೆ ರಿಮೋಟ್ ಕೆಲಸ ಮಾಡುವುದಿಲ್ಲ.