ಅಪರಿಚಿತ ಲೇಖಕನೂ ನಿರಾಶನಾದ ವಾಚಕನೂ

ಉಚಿತ ವಾಚನಾಲಯದ ಮೇಜಿನ ಬಳಿ ಪದೇ ಪದೇ ಕೇಳಿಬರುವ ಮಾತೊಂದುಂಟು: “ಹೆಸರು ಕೇಳದವರ ಪುಸ್ತಕ ಕೊಡಬೇಡಿ ಸ್ವಾಮಿ, ಹೋದ ಸಲ ಒಯ್ದು ಸಾಕಾಯಿತು.” ಹೀಗೆ ಹೇಳುವವರು ಸೋಮಾರಿಗಳಲ್ಲ. ಡೊಂಬಿವಲಿಯಲ್ಲಿ ಬೆಳಗಿನ ಗಾಡಿ ಹಿಡಿದು, ನಿಲ್ಲಲು ಜಾಗ ಸಿಕ್ಕರೆ ಪುಣ್ಯವೆಂದುಕೊಂಡು ಫೋರ್ಟಿನ ಕಚೇರಿ ಸೇರುವವರು. ಠಾಣೆ-ಬೇಲಾಪುರ ರಸ್ತೆಯ ಕಾರಖಾನೆಗಳಲ್ಲಿ ಪಾಳಿ ಮುಗಿಸಿ ಬರುವವರು. ಅವರಿಗೆ ಓದಲು ದೊರೆಯುವುದು ದಿನಕ್ಕೆ ಅರ್ಧ ಗಂಟೆ. ಅದೂ ವ್ಯರ್ಥವಾದರೆ ಆಗುವ ಬೇಸರವನ್ನು ಹಗುರವಾಗಿ ಎಣಿಸಲಾಗದು.

ಆದರೆ ಇದರ ಪರಿಣಾಮವನ್ನು ನೋಡಬೇಕು. ನಿರಾಶನಾದ ವಾಚಕ ತನ್ನ ಮೆಚ್ಚಿನ ಲೇಖಕರಿಗೇ ಹಿಂತಿರುಗುತ್ತಾನೆ. ಆ ಕಪಾಟು ಒಂದು ದಿನ ಮುಗಿಯುತ್ತದೆ. 1963ರಲ್ಲಿ ತೀರಿಕೊಂಡ ತ್ರಿವೇಣಿಯವರು ಬರೆದದ್ದು ಸುಮಾರು ಇಪ್ಪತ್ತು ಕಾದಂಬರಿ. ನೂರಕ್ಕೂ ಹೆಚ್ಚು ಬರೆದ ಅ.ನ.ಕೃ. ಅವರ ಪುಸ್ತಕಗಳಿಗೂ ಕೊನೆಯುಂಟು. ಬಳಿಕ ಆತ ದಿನಪತ್ರಿಕೆಗಾಗಿ ಮಾತ್ರ ಬರುತ್ತಾನೆ. ಆಮೇಲೆ ಅದಕ್ಕೂ ಇಲ್ಲ. ಮಕ್ಕಳು ಶಾಲೆಯಲ್ಲಿ ಕಲಿಯುವುದು ಮರಾಠಿ, ಇಂಗ್ಲಿಷು. ತಂದೆತಾಯಿಯರ ಕೈಯಲ್ಲಿ ಕಾಣದ ಕನ್ನಡ ಅಕ್ಷರವನ್ನು ಅವರು ಮತ್ತೆಲ್ಲಿ ಕಾಣಬೇಕು?

ನಿರಾಶೆಗೆ ಮೂರು ಕಾರಣಗಳಿವೆ. ಮೊದಲನೆಯದು, ಹಳಬರ ರುಚಿಯನ್ನೇ ಹೊಸಬರಲ್ಲಿ ಹುಡುಕುವುದು. ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು ಸಿಗುತ್ತದೆ. ಎರಡನೆಯದು, ಪುಸ್ತಕವೇ ಸಾಮಾನ್ಯವಾದುದು; ಬೆನ್ನಿನ ಮೇಲಿನ ಹೊಗಳಿಕೆಗೆ ಮರುಳಾದುದಷ್ಟೇ ನಮ್ಮ ತಪ್ಪು. ಮೂರನೆಯದು, ಒಳ್ಳೆಯ ಪುಸ್ತಕವೇ ಹೊತ್ತಲ್ಲದ ಹೊತ್ತಿನಲ್ಲಿ ಕೈಗೆ ಬರುವುದು.

ಮೂರನೆಯದಕ್ಕೆ ನನ್ನ ಅನುಭವವನ್ನೇ ಹೇಳುತ್ತೇನೆ. ಯಶವಂತ ಚಿತ್ತಾಲರ ‘ಶಿಕಾರಿ’ (1979) ಎಂಬ ಹೆಸರು ನೋಡಿ, ಬೇಟೆಯದೋ ಪತ್ತೇದಾರಿಯದೋ ಕತೆಯಿರಬೇಕೆಂದು ಒಯ್ದಿದ್ದೆ. ಆಗ ನನಗೆ ಚಿತ್ತಾಲರು ಯಾರೆಂದೇ ತಿಳಿಯದು. ಒಬ್ಬನ ಮನಸ್ಸಿನೊಳಗೇ ಸುತ್ತುವ ಆ ಬರವಣಿಗೆ ನಲವತ್ತು ಪುಟಕ್ಕೆ ಸಾಕೆನಿಸಿತು, ಹಿಂದಿರುಗಿಸಿದೆ. ಕೆಲವು ವರ್ಷಗಳ ಮೇಲೆ ನಾನು ದುಡಿಯುತ್ತಿದ್ದ ಕಚೇರಿಯಲ್ಲಿ, ನಾನು ಮಾಡದ ತಪ್ಪಿಗೆ ವಿವರಣೆ ಕೇಳಿ ಪತ್ರ ಬಂದಿತು. ನಿನ್ನೆಯವರೆಗೆ ಜೊತೆಯಲ್ಲಿ ಚಹಾ ಕುಡಿದವರು ಮುಖ ತಪ್ಪಿಸತೊಡಗಿದರು. ಆಗ ಅದೇ ಪುಸ್ತಕ ನೆನಪಾಯಿತು. ಅದರ ನಾಗಪ್ಪ ಮುಂಬಯಿಯ ಕಂಪನಿಯೊಂದರಲ್ಲಿ ಅಮಾನತಿಗೆ ಒಳಗಾದವನು. ಮೂರು ರಾತ್ರಿಯಲ್ಲಿ ಓದಿ ಮುಗಿಸಿದೆ. ಪುಸ್ತಕ ಬದಲಾಗಿರಲಿಲ್ಲ, ವಾಚಕ ಬದಲಾಗಿದ್ದ.

ಇಂದು ಪ್ರಸಿದ್ಧರಾದವರೆಲ್ಲ ಒಂದು ದಿನ ಅಪರಿಚಿತರೇ. 1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನಂಬಿ ನಡೆಯಿತು. ಲೇಖಕ ಹಳಬನೋ ಹೊಸಬನೋ, ಚಂದಾದಾರನ ಮನೆಗೆ ಪುಸ್ತಕ ಬರುತ್ತಿತ್ತು. ಶಾಂತಿನಾಥ ದೇಸಾಯಿಯವರ ‘ಮುಕ್ತಿ’ (1961), ಅನಂತಮೂರ್ತಿಯವರ ‘ಸಂಸ್ಕಾರ’ (1965) ಹಾಗೆ ಬಂದ ಮೊದಲ ಕಾದಂಬರಿಗಳು. ಅವುಗಳನ್ನು ಬಿಚ್ಚಿದವರಲ್ಲಿ ಎಲ್ಲರೂ ಮೆಚ್ಚಿರಲಾರರು. ಆದರೂ ಚಂದಾ ಕೊಟ್ಟು ಓದುವವರಿದ್ದುದರಿಂದಲೇ ಹೊಸಬರು ಅಚ್ಚಿಗೆ ಬಂದರು.

ಹಾಗಾದರೆ ಹೊಸಬರನ್ನು ಹೇಗೆ ಪರೀಕ್ಷಿಸಬೇಕು? ಕೆಲವು ಸುಲಭೋಪಾಯಗಳು:

1. ದಪ್ಪ ಕಾದಂಬರಿಗೆ ಮೊದಲು ಅದೇ ಲೇಖಕರ ಸಣ್ಣಕತೆ ಓದಿ. ಜಯಂತ ಕಾಯ್ಕಿಣಿಯವರ ಒಂದು ಕತೆ ಡೊಂಬಿವಲಿಯಿಂದ ದಾದರ ಮುಟ್ಟುವುದರೊಳಗೆ ಮುಗಿಯಬಹುದು. ಮೆಚ್ಚದಿದ್ದರೆ ಹೋದದ್ದು ಒಂದು ಪ್ರಯಾಣ ಮಾತ್ರ.

2. ಅನ್ನ ಬೆಂದುದನ್ನು ತಿಳಿಯಲು ಒಂದು ಅಗುಳು ಸಾಕು, ಕಾದಂಬರಿಗೆ ಸಾಲದು. ಕಪಾಟಿನ ಬಳಿ ನಿಂತೇ ಮೊದಲ ಎರಡು ಪುಟ, ನಡುವಿನ ಒಂದು ಪುಟ ನೋಡಿ. ಅಲ್ಲಿ ಜನ ಆಡುವ ಮಾತು ನಿಜವೆನಿಸಿದರೆ ಒಯ್ಯಿರಿ.

3. ಮೂವತ್ತು ಪುಟ ಓದಿಯೂ ಹಿಡಿಸದಿದ್ದರೆ ಸಂಕೋಚವಿಲ್ಲದೆ ಮರಳಿಸಿ. ಅರ್ಧಕ್ಕೆ ಬಿಟ್ಟುದು ಅಪರಾಧವಲ್ಲ. ಆ ಹೆಸರನ್ನು ಮಾತ್ರ ಶಾಶ್ವತವಾಗಿ ಹೊಡೆದುಹಾಕಬೇಡಿ.

4. ಪರಿಚಿತರ ಮೂರು ಪುಸ್ತಕಕ್ಕೆ ಅಪರಿಚಿತರದೊಂದು ಎಂಬ ಲೆಕ್ಕವಿರಲಿ. ವ್ಯಾಸರಾಯ ಬಲ್ಲಾಳರು ಮುಂಬಯಿಯಲ್ಲಿದ್ದು ಬರೆದವರು. ಅವರ ‘ಬಂಡಾಯ’ಕ್ಕೆ 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿದೆ. ನಮ್ಮಲ್ಲೇ ಅವರನ್ನು ಓದದವರು ಎಷ್ಟು ಮಂದಿ!

5. “ಚೆನ್ನಾಗಿಲ್ಲ” ಎಂದಷ್ಟೇ ಹೇಳಬೇಡಿ. ಎಷ್ಟನೆಯ ಪುಟಕ್ಕೆ ನಿಲ್ಲಿಸಿದಿರಿ, ಏಕೆ, ಎಂದು ಎರಡು ಸಾಲು ಬರೆದು ಕೊಡಿ. ನಿಮಗೆ ನಿಧಾನವೆನಿಸಿದುದು ಕಲ್ಯಾಣದ ಮತ್ತೊಬ್ಬರಿಗೆ ಬೇಕಾದುದೇ ಆಗಿರಬಹುದು.

ಗ್ರಂಥಾಲಯ ಶಾಸ್ತ್ರಕ್ಕೆ ಐದು ಸೂತ್ರಗಳನ್ನು ಕೊಟ್ಟ ಎಸ್.ಆರ್. ರಂಗನಾಥನ್ ಅವರ ಗ್ರಂಥ 1931ರಲ್ಲಿ ಪ್ರಕಟವಾಯಿತು. ಪ್ರತಿಯೊಬ್ಬ ವಾಚಕನಿಗೂ ಅವನದಾದ ಪುಸ್ತಕವುಂಟು, ಪ್ರತಿಯೊಂದು ಪುಸ್ತಕಕ್ಕೂ ಅದರದಾದ ವಾಚಕನುಂಟು, ವಾಚಕನ ಸಮಯವನ್ನು ಉಳಿಸಬೇಕು ಎಂಬುವು ಅವುಗಳಲ್ಲಿ ಮೂರು. ಸಮಯ ಉಳಿಸುವ ಕೆಲಸ ವಾಚನಾಲಯದ್ದು. ನಿಮ್ಮ ಎರಡು ಸಾಲು ಅದಕ್ಕೆ ನೆರವಾಗುತ್ತದೆ. ಆದುದರಿಂದ ಈ ಭಾನುವಾರ ಬಂದಾಗ, ಒಂದಾದರೂ ಕೇಳದ ಹೆಸರಿನ ಪುಸ್ತಕವನ್ನು ಕಪಾಟಿನಿಂದ ತೆಗೆದು ಎರಡು ಪುಟ ಓದಿ ನೋಡಿರಿ.