ಕೂದಲು ಉದುರುವಿಕೆ: ಬಗೆ ಹಲವು, ಕಾರಣ ಹಲವು

ಶಿವಮೊಗ್ಗೆಯಲ್ಲಾಗಲಿ ಭದ್ರಾವತಿಯಲ್ಲಾಗಲಿ ಕೂದಲು ಉದುರುವ ಮಾತು ಬಂದರೆ ಮೊದಲ ದೂರು ನೀರಿನ ಮೇಲೆ ಹೋಗುತ್ತದೆ. ಮದುವೆಯಾಗಿ ಬಂದ ಸೊಸೆ ‘ಈ ಊರಿನ ನೀರು ನನಗೆ ಒಗ್ಗಲಿಲ್ಲ’ ಎನ್ನುತ್ತಾಳೆ. ಬೆಂಗಳೂರಿನಿಂದ ರಜೆಗೆ ಬಂದ ಮಗ ‘ಅಲ್ಲಿನ ನೀರಿಗೆ ಹೀಗಾಯಿತು’ ಎನ್ನುತ್ತಾನೆ. ‘ಗಂಗಾಸ್ನಾನ, ತುಂಗಾಪಾನ’ ಎಂಬ ಮಾತನ್ನು ಕೇಳುತ್ತಲೇ ಬೆಳೆದ ನಾವು ತುಂಗೆಯ ಪರವಾಗಿ ಒಂದು ಮಾತು ಹೇಳಲೇಬೇಕು. ಶಿವಮೊಗ್ಗ ನಗರಕ್ಕೆ ತುಂಗೆಯ ನೀರು, ಭದ್ರಾವತಿಗೆ ಭದ್ರೆಯ ನೀರು. ಹೊಳೆಯ ನೀರು ಸಾಮಾನ್ಯವಾಗಿ ಮೆದುವಾದುದು. ಕೊಳವೆಬಾವಿಯನ್ನೇ ನಂಬಿದ ಬಡಾವಣೆಗಳಲ್ಲಿ ನೀರು ಗಡುಸಾಗಿರಬಹುದು. ಗಡುಸು ನೀರಿನಲ್ಲಿ ಮಿಂದರೆ ಕೂದಲು ಒರಟಾಗುತ್ತದೆ, ಸಿಕ್ಕುಗಟ್ಟುತ್ತದೆ, ಬಾಚುವಾಗ ಎಳೆ ನಡುವೆ ತುಂಡಾಗುತ್ತದೆ. ಆದರೆ ಚರ್ಮದೊಳಗಿರುವ ಬುಡಕ್ಕೆ ಅದರಿಂದ ಕೇಡಿಲ್ಲ. ನೀರನ್ನು ದೂರುತ್ತ ಕಳೆದ ತಿಂಗಳುಗಳಲ್ಲಿ ರಕ್ತಹೀನತೆಯೋ ಥೈರಾಯ್ಡಿನ ತೊಂದರೆಯೋ ಗುರುತಿಗೆ ಬಾರದೆ ಉಳಿದುಬಿಡುತ್ತದೆ. ಆದ್ದರಿಂದಲೇ ಈ ವಿಷಯವನ್ನು ಕೇವಲ ಅಂದಚೆಂದದ ಮಾತೆಂದು ನಾವು ತಳ್ಳಿಹಾಕಲಾರೆವು.

ಮೊದಲು ಕೂದಲಿನ ಆಯುಸ್ಸನ್ನು ತಿಳಿಯೋಣ. ನಮ್ಮ ತಲೆಯ ಮೇಲೆ ಸುಮಾರು 1 ಲಕ್ಷ ಕೂದಲುಗಳಿವೆ. ಪ್ರತಿಯೊಂದು ಕೂದಲೂ 2ರಿಂದ 6 ವರ್ಷ ಬೆಳೆಯುತ್ತದೆ, ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ಆಮೇಲೆ ಎರಡು ಮೂರು ವಾರ ಬೆಳವಣಿಗೆ ನಿಲ್ಲಿಸಿ, ಸುಮಾರು 3 ತಿಂಗಳು ವಿಶ್ರಮಿಸಿ ಉದುರುತ್ತದೆ. ಅದೇ ಕುಳಿಯಿಂದ ಹೊಸತು ಚಿಗುರುತ್ತದೆ. ಯಾವುದೇ ದಿನ ನೋಡಿದರೂ ನೂರಕ್ಕೆ 85-90 ಕೂದಲು ಬೆಳೆಯುತ್ತಿರುತ್ತವೆ, ಉಳಿದವು ಹೊರಡಲು ಸಿದ್ಧವಾಗಿರುತ್ತವೆ. ಹೀಗಾಗಿ ದಿನಕ್ಕೆ 50ರಿಂದ 100 ಕೂದಲು ಉದುರುವುದು ರೋಗವಲ್ಲ. ವಾರಕ್ಕೊಮ್ಮೆ ತಲೆಗೆ ನೀರು ಹಾಕಿಕೊಳ್ಳುವವರಿಗೆ ಆ ವಾರದ್ದೆಲ್ಲ ಒಮ್ಮೆಲೇ ಬಚ್ಚಲಿನಲ್ಲಿ ಕಾಣಿಸಿಕೊಂಡು ಭಯವಾಗುತ್ತದೆ, ಅಷ್ಟೆ. ಇನ್ನೊಂದು ಭಯವೂ ಉಂಟು. ಉದುರಿದ ಕೂದಲಿನ ತುದಿಯಲ್ಲಿ ಬಿಳಿಯ ಗಂಟನ್ನು ಕಂಡು ‘ಬೇರು ಸಮೇತ ಬಂತು, ಇನ್ನು ಹುಟ್ಟುವುದಿಲ್ಲ’ ಎಂದು ಹೆಣ್ಣುಮಕ್ಕಳು ಅಳುವುದುಂಟು. ಆ ಗಂಟು ಬೇರಲ್ಲ. ಆಯುಸ್ಸು ಮುಗಿದ ಕೂದಲಿನ ಸಹಜವಾದ ತುದಿ. ಕೂದಲನ್ನು ಹುಟ್ಟಿಸುವ ಬುಡ ಚರ್ಮದೊಳಗೇ ಉಳಿದಿರುತ್ತದೆ.

ಈಗ ಬಗೆಗಳಿಗೆ ಬರೋಣ. ನಮ್ಮ ಮಲೆನಾಡಿನ ಸೆರಗಿನಲ್ಲಿ ಹೆಚ್ಚು ಗಾಬರಿ ಹುಟ್ಟಿಸುವುದು ಜ್ವರದ ನಂತರದ ಉದುರುವಿಕೆ. ಡೆಂಗಿ, ಚಿಕುನ್‌ಗುನ್ಯ, ವಿಷಮಶೀತ ಜ್ವರ, ಕೋವಿಡ್, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ, ಹೀಗೆ ಯಾವ ತೀವ್ರ ಜ್ವರವಾದರೂ ದೇಹಕ್ಕೆ ಬಿದ್ದ ಪೆಟ್ಟೇ ಸರಿ. ಆ ಪೆಟ್ಟಿಗೆ ಬೆಳೆಯುತ್ತಿದ್ದ ಕೂದಲುಗಳ ದೊಡ್ಡ ಪಾಲು ಒಮ್ಮೆಲೇ ವಿಶ್ರಾಂತಿಗೆ ಜಾರುತ್ತದೆ. ವಿಶ್ರಾಂತಿಯ ಅವಧಿ 2-3 ತಿಂಗಳಾದ್ದರಿಂದ, ಮಳೆಗಾಲದಲ್ಲಿ ಡೆಂಗಿ ಬಂದವರಿಗೆ ನವರಾತ್ರಿ, ದೀಪಾವಳಿಯ ಹೊತ್ತಿಗೆ ಹಿಡಿಹಿಡಿಯಾಗಿ ಉದುರತೊಡಗುತ್ತದೆ. ಅಷ್ಟರಲ್ಲಿ ಜ್ವರ ಮರೆತುಹೋಗಿ, ಕಳೆದ ವಾರ ಬದಲಿಸಿದ ಶಾಂಪೂವಿನ ಮೇಲೆ ಅಪವಾದ ಬೀಳುತ್ತದೆ. ಈ ಬಗೆಯಲ್ಲಿ ಬುಡಗಳೆಲ್ಲ ಜೀವಂತವಾಗಿರುತ್ತವೆ. ಬೇರೆ ಕಾರಣ ಸೇರಿಕೊಳ್ಳದಿದ್ದರೆ ಸುಮಾರು 6 ತಿಂಗಳಲ್ಲಿ ತಾನಾಗಿ ನಿಲ್ಲುತ್ತದೆ, ಕೂದಲು ಮರಳಿ ಬರುತ್ತದೆ. ದೊಡ್ಡ ಶಸ್ತ್ರಚಿಕಿತ್ಸೆ, ತೂಕ ಇಳಿಸಲು ಮಾಡಿದ ಅತಿಯಾದ ಉಪವಾಸ, ಆಪ್ತರ ಸಾವಿನಂಥ ಮನೋಘಾತಗಳ ನಂತರವೂ ಹೀಗೇ ಆಗುತ್ತದೆ.

ಬಾಣಂತಿಯರದೂ ಇದೇ ಕಥೆ. ಬಸಿರಿನ ಕಾಲದ ಹಾರ್ಮೋನುಗಳು ಕೂದಲನ್ನು ಉದುರಗೊಡದೆ ಹಿಡಿದಿಡುತ್ತವೆ. ಹೆರಿಗೆಯಾದೊಡನೆ ಆ ಹಿಡಿತ ಸಡಿಲುತ್ತದೆ. ಮಗು ತಾಯಿಯ ಮುಖ ನೋಡಿ ನಗಲು ಕಲಿಯುವ ಹೊತ್ತಿಗೆ ತಾಯಿಯ ತಲೆಬಾಚಣಿಗೆ ತುಂಬತೊಡಗುತ್ತದೆ. ಮಗುವಿಗೆ ವರ್ಷ ತುಂಬುವುದರೊಳಗೆ ಬಹುತೇಕ ಎಲ್ಲವೂ ಸರಿಹೋಗುತ್ತದೆ. ಆದರೆ ಬಾಣಂತನದ ಪಥ್ಯವೆಂದು ಸೊಪ್ಪು, ಕಾಳು, ಹಣ್ಣುಗಳನ್ನೆಲ್ಲ ತಿಂಗಳುಗಟ್ಟಲೆ ಬಿಡಿಸುವ ಮನೆಗಳಲ್ಲಿ ಅದು ಸರಿಹೋಗದೆಯೂ ಉಳಿಯಬಹುದು. ಹಿರಿಯರ ಪಥ್ಯವನ್ನು ನಾವು ಹಳಿಯುತ್ತಿಲ್ಲ. ರಕ್ತ ಕಳೆದುಕೊಂಡ ದೇಹಕ್ಕೆ ಕಬ್ಬಿಣಾಂಶವನ್ನೂ ಕಳೆಯುವ ಪಥ್ಯ ಮಾತ್ರ ಬೇಡವೆನ್ನುತ್ತೇವೆ.

ಕಬ್ಬಿಣದ ಮಾತು ಬಂದಾಗ ಭದ್ರಾವತಿ ನೆನಪಾಗದೆ ಇರದು. ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸಿ 1923ರಿಂದ ಕಬ್ಬಿಣ ತಯಾರಿಸಿದ ಊರದು. ಆ ಊರಿನ ಮನೆಗಳಲ್ಲಿಯೂ ಹೆಣ್ಣುಮಕ್ಕಳ ರಕ್ತದಲ್ಲಿ ಕಬ್ಬಿಣ ಸಾಲದೆ ಹೋಗುವುದೊಂದು ವಿಪರ್ಯಾಸ. ಮುಟ್ಟಿನ ಅತಿಸ್ರಾವ, ಒಂದರ ಹಿಂದೊಂದು ಹೆರಿಗೆ, ಎಲ್ಲರಿಗೂ ಬಡಿಸಿ ಉಳಿದುದನ್ನು ತಾನುಣ್ಣುವ ರೂಢಿ ಇವೆಲ್ಲ ಸೇರಿ ದೇಹದ ಕಬ್ಬಿಣದ ದಾಸ್ತಾನು ಬರಿದಾಗುತ್ತದೆ. ಹಿಮೋಗ್ಲೋಬಿನ್ ಇಳಿಯುವ ಮೊದಲೇ ದಾಸ್ತಾನು ಇಳಿದಿರಬಹುದು. ಅದನ್ನು ತೋರಿಸುವ ರಕ್ತಪರೀಕ್ಷೆಗೆ ಫೆರಿಟಿನ್ ಎಂದು ಹೆಸರು. ಮಾಂಸಾಹಾರವಿಲ್ಲದ ನಮ್ಮ ಮನೆಗಳಲ್ಲಿ ಹುರುಳಿ, ಹೆಸರುಕಾಳು, ರಾಗಿ, ನುಗ್ಗೆಸೊಪ್ಪು, ಎಳ್ಳುಗಳ ಜೊತೆಗೆ ನಿಂಬೆ ಅಥವಾ ನೆಲ್ಲಿಯ ಹುಳಿ ಇದ್ದರೆ ಕಬ್ಬಿಣ ಚೆನ್ನಾಗಿ ಮೈಗೂಡುತ್ತದೆ. ಊಟದ ಬೆನ್ನಿಗೇ ಕುಡಿದ ಚಹಾ, ಕಾಫಿ ಅದನ್ನು ತಡೆಯುತ್ತವೆ. ಒಂದು ಗಂಟೆಯಾದರೂ ಅಂತರವಿರಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣದ ಮಾತ್ರೆಯನ್ನು ಮಲ ಕಪ್ಪಾಯಿತೆಂದು ಬಿಟ್ಟುಬಿಡುವವರು ಅನೇಕರು. ಆ ಕಪ್ಪು ಮಾತ್ರೆಯ ಗುಣವೇ ಹೊರತು ದೋಷವಲ್ಲ. ಥೈರಾಯ್ಡ್ ಗ್ರಂಥಿ ಮಂದವಾದಾಗಲೂ ಕೂದಲು ಒಣಗಿ ತೆಳುವಾಗುತ್ತದೆ. ಜೊತೆಗೆ ಮೈತೂಕ ಏರುವುದು, ಚಳಿ ತಡೆಯದಿರುವುದು, ಮಲಬದ್ಧತೆ, ಹುಬ್ಬಿನ ಹೊರತುದಿ ತೆಳುವಾಗುವುದು ಕಂಡರೆ ತಡಮಾಡದೆ ರಕ್ತಪರೀಕ್ಷೆ ಮಾಡಿಸಬೇಕು.

ಗಂಡಸರ ಬೋಳು ಇವೆಲ್ಲಕ್ಕಿಂತ ಬೇರೆ. ಹಣೆಯ ಎರಡು ಬದಿಗಳಿಂದ ಹಿಂದೆ ಸರಿಯುತ್ತ, ನೆತ್ತಿಯಲ್ಲಿ ವೃತ್ತವಾಗಿ ಹರಡುತ್ತ ಬರುವ ಇದು ವಂಶದಿಂದ ಬಂದ ಗುಣ. ಪುರುಷ ಹಾರ್ಮೋನಿನಿಂದ ಉಂಟಾಗುವ ಡೈಹೈಡ್ರೋಟೆಸ್ಟೋಸ್ಟಿರೋನ್ ಎಂಬ ಅಂಶಕ್ಕೆ ಕೆಲವರ ನೆತ್ತಿಯ ಬುಡಗಳು ಸೂಕ್ಷ್ಮವಾಗಿರುತ್ತವೆ. ಪ್ರತಿ ಸುತ್ತಿನಲ್ಲಿ ಕೂದಲು ಹಿಂದಿನದಕ್ಕಿಂತ ಸಣ್ಣದಾಗಿ, ಕೊನೆಗೆ ನವಿರಾಗಿ ಉಳಿಯುತ್ತದೆ. ಈ ಗುಣ ತಾಯಿಯ ಕಡೆಯಿಂದಲೂ ತಂದೆಯ ಕಡೆಯಿಂದಲೂ ಬರುತ್ತದೆ; ಸೋದರಮಾವನ ತಲೆಯೊಂದನ್ನೇ ನೋಡಿ ತೀರ್ಮಾನಿಸುವುದು ತಪ್ಪು. ಹೆಂಗಸರಲ್ಲಿ ಇದು ಬೈತಲೆ ಅಗಲವಾಗುವ ರೂಪದಲ್ಲಿ ಕಾಣುತ್ತದೆ, ಹಣೆಯ ಅಂಚು ಉಳಿದಿರುತ್ತದೆ. ಮುಟ್ಟಿನ ಏರುಪೇರು, ಗಲ್ಲದ ಮೇಲೆ ಕೂದಲು, ಮೊಡವೆಗಳೂ ಜೊತೆಗಿದ್ದರೆ ಅಂಡಾಶಯದ ತೊಂದರೆಯನ್ನು ಪರೀಕ್ಷಿಸಬೇಕು.

ಶಿವಮೊಗ್ಗ, ಭದ್ರಾವತಿಗಳ ನಡುವೆ ನಿತ್ಯ ಬೈಕಿನಲ್ಲಿ ಓಡಾಡುವ ತರುಣರು ಹೆಲ್ಮೆಟ್ಟಿನಿಂದ ಕೂದಲು ಹೋಯಿತೆನ್ನುತ್ತಾರೆ. ಹೆಲ್ಮೆಟ್ಟಿನಿಂದ ಬೆವರು, ಹೊಟ್ಟು ಹೆಚ್ಚಬಹುದು, ಬೋಳಾಗುವುದಿಲ್ಲ. ಒಳಗೊಂದು ತೆಳುವಾದ ಹತ್ತಿಬಟ್ಟೆ ಕಟ್ಟಿಕೊಂಡು, ಅದನ್ನು ದಿನವೂ ಒಗೆದರೆ ಸಾಕು. ಕೂದಲಿನ ಆಸೆಗೆ ತಲೆಯನ್ನೇ ಪಣವಿಡಬಾರದು.

ಈ ಬಗೆಗೆ ಪರೀಕ್ಷೆಗೆ ನಿಂತ ಔಷಧಗಳು ಕೆಲವೇ. ಮಿನಾಕ್ಸಿಡಿಲ್ ಮೊದಲು ರಕ್ತದೊತ್ತಡದ ಮಾತ್ರೆಯಾಗಿತ್ತು. ನುಂಗಿದವರ ಮೈಮೇಲೆ ಕೂದಲು ಹೆಚ್ಚಿದ್ದನ್ನು ಕಂಡು ತಲೆಗೆ ಹಚ್ಚುವ ದ್ರವವನ್ನು ಮಾಡಿದರು. ಹಚ್ಚತೊಡಗಿದ ಮೊದಲ ವಾರಗಳಲ್ಲಿ ಉದುರುವಿಕೆ ಇನ್ನೂ ಹೆಚ್ಚುವುದುಂಟು, ಹೆದರಿ ಬಿಡಬಾರದು. ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು. ನಿಲ್ಲಿಸಿದರೆ ಫಲವೂ ನಿಲ್ಲುತ್ತದೆ. ಫಿನಾಸ್ಟರೈಡ್ ಎಂಬ ಮಾತ್ರೆ ಗಂಡಸರಿಗೆ ಉಪಯುಕ್ತ. ಆದರೆ ಕೆಲವರಲ್ಲಿ ಲೈಂಗಿಕ ತೊಂದರೆ ತರಬಲ್ಲುದಾದ್ದರಿಂದ ವೈದ್ಯರ ಸಲಹೆಯಿಲ್ಲದೆ ಅಂಗಡಿಯಿಂದ ತಂದು ನುಂಗುವಂಥದ್ದಲ್ಲ. ಬಸುರಿಯರು ಒಡೆದ ಮಾತ್ರೆಯನ್ನು ಮುಟ್ಟಲೂ ಬಾರದು. ಏನನ್ನೂ ಮಾಡದೆ ಬೋಳನ್ನು ಒಪ್ಪಿಕೊಳ್ಳುವುದೂ ಒಂದು ಉತ್ತಮ ದಾರಿಯೇ. ಕೂದಲು ನೋಡಿ ವರನನ್ನು ಒಲ್ಲೆನ್ನುವ ಮನೆತನಗಳು ನಮ್ಮಲ್ಲಿ ಕಡಿಮೆಯಾದರೆ ಈ ಔಷಧಗಳ ವ್ಯಾಪಾರವೂ ಅಷ್ಟು ಕಡಿಮೆಯಾದೀತು.

ನಾಣ್ಯದಷ್ಟು ಗುಂಡಗೆ, ನುಣ್ಣಗೆ ಒಂದೆರಡು ಕಡೆ ಕೂದಲು ಮಾಯವಾಗುವುದು ಇನ್ನೊಂದು ಬಗೆ. ಜನ ‘ಹುಳ ತಿಂದಿದೆ’ ಎನ್ನುತ್ತಾರೆ. ಅಲ್ಲಿ ಯಾವ ಹುಳವೂ ಇಲ್ಲ. ದೇಹದ ರಕ್ಷಣಾಶಕ್ತಿಯೇ ತನ್ನ ಕೂದಲಿನ ಬುಡವನ್ನು ಪರಕೀಯವೆಂದು ಭ್ರಮಿಸಿ ಮುತ್ತುತ್ತದೆ. ಆಯುರ್ವೇದ ಇದನ್ನು ಇಂದ್ರಲುಪ್ತವೆನ್ನುತ್ತದೆ. ಹಠಾತ್ತನೆ ಉದುರುವ ಇಂದ್ರಲುಪ್ತವನ್ನು ಕ್ರಮಕ್ರಮವಾಗಿ ಉದುರುವ ಖಲತಿಯಿಂದ ವಾಗ್ಭಟ ಬೇರ್ಪಡಿಸಿದ್ದು ಮೆಚ್ಚತಕ್ಕ ವಿವೇಚನೆ. ಒಂದೆರಡು ಮಚ್ಚೆಗಳಿದ್ದರೆ ಬಹುಮಟ್ಟಿಗೆ ವರ್ಷದೊಳಗೆ ತಾವಾಗಿ ತುಂಬುತ್ತವೆ, ಮೊದಲು ಬಿಳಿಯ ಕೂದಲು ಬಂದು ಆಮೇಲೆ ಕಪ್ಪಾಗಬಹುದು. ಹರಡುತ್ತಿದ್ದರೆ ಚರ್ಮವೈದ್ಯರ ಚಿಕಿತ್ಸೆ ಬೇಕು. ಮನೆಯಲ್ಲಿ ಬೆಳ್ಳುಳ್ಳಿ ಉಜ್ಜಿ ಬೊಬ್ಬೆ ಎಬ್ಬಿಸಿಕೊಳ್ಳುವುದು, ಗುಲಗಂಜಿ ಅರೆದು ಹಚ್ಚುವುದು ಬೇಡ. ಗುಲಗಂಜಿಯ ಬೀಜ ಘೋರವಾದ ವಿಷ. ಮಕ್ಕಳಿರುವ ಮನೆಯಲ್ಲಿ ಅದನ್ನು ಅರೆಯುವುದೇ ಅಪಾಯ. ಈ ರೋಗ ಅಂಟುವುದಿಲ್ಲ. ಶಾಲೆಯಲ್ಲಿ ಅಂಥ ಮಗುವನ್ನು ಬೇರೆ ಕೂರಿಸಬೇಕಿಲ್ಲ.

ಅಂಟುವುದು ಮಕ್ಕಳ ತಲೆಯ ಬೂಷ್ಟು ರೋಗ, ಅಂದರೆ ತಲೆಯ ಹುಳಕಡ್ಡಿ. ಇಲ್ಲಿ ಮಚ್ಚೆ ನುಣುಪಾಗಿರದೆ ಹೊಟ್ಟುಹೊಟ್ಟಾಗಿದ್ದು, ಕೂದಲು ಮುರಿದು ಕಪ್ಪು ಚುಕ್ಕೆಗಳಂತೆ ಕಾಣುತ್ತದೆ. ಕೆಲವೊಮ್ಮೆ ಕೀವು ತುಂಬಿದ ಬಾವು ಏಳುತ್ತದೆ. ಬಾಚಣಿಗೆ, ಟವೆಲ್ಲು, ಟೊಪ್ಪಿಗಳಿಂದ ಹರಡುತ್ತದೆ. ಶಿಲೀಂಧ್ರ ಕೂದಲಿನೊಳಗೇ ಸೇರಿಕೊಳ್ಳುವುದರಿಂದ ಮುಲಾಮು ಸಾಲದು, ವಾರಗಟ್ಟಲೆ ನುಂಗುವ ಔಷಧವೇ ಬೇಕು. ಬಾವನ್ನು ಕಡೆಗಣಿಸಿದರೆ ಅಲ್ಲಿ ಕಲೆಯಾಗಿ ಕೂದಲು ಶಾಶ್ವತವಾಗಿ ಹೋಗಬಹುದು.

ಬಿಗಿಯಾದ ಜಡೆ, ಭಾರವಾದ ಚೌರಿ, ದಿನವೂ ಎಳೆದು ಕಟ್ಟುವ ತುರುಬುಗಳಿಂದ ಹಣೆಯ ಅಂಚು, ಕಿವಿಯ ಮೇಲ್ಭಾಗ ತೆಳುವಾಗುತ್ತವೆ. ಶಾಲೆಗೆ ಹೋಗುವ ಹುಡುಗಿಯ ಎರಡು ಜಡೆಗಳನ್ನು ಕಣ್ಣು ಮೇಲೇಳುವಷ್ಟು ಬಿಗಿಯುವ ತಾಯಂದಿರು ಇದನ್ನು ಗಮನಿಸಬೇಕು. ಮೊದಲಲ್ಲೇ ಸಡಿಲಿಸಿದರೆ ಕೂದಲು ಮರಳುತ್ತದೆ, ವರ್ಷಗಳಾದರೆ ಮರಳದು.

ಎಲ್ಲಕ್ಕಿಂತ ಅವಸರದ್ದು ಕಲೆಗಟ್ಟುವ ಬಗೆ. ಉರಿ, ತುರಿಕೆ, ಕೆಂಪು ಕಾಣಿಸಿ, ಆಮೇಲೆ ಚರ್ಮ ಹೊಳಪಾಗಿ, ಕೂದಲಿನ ರಂಧ್ರಗಳೇ ಅಳಿಸಿಹೋಗುತ್ತವೆ. ಬುಡವೇ ನಾಶವಾದ ಮೇಲೆ ಯಾವ ಎಣ್ಣೆಯೂ ಔಷಧವೂ ಅದನ್ನು ತರಲಾರದು. ಉಳಿದುದನ್ನು ಉಳಿಸಿಕೊಳ್ಳುವುದಷ್ಟೇ ಸಾಧ್ಯ.

ಎಣ್ಣೆಯ ಮಾತನ್ನು ಬಿಟ್ಟರೆ ಓದುಗರು ಕ್ಷಮಿಸಲಾರರು. ನಮ್ಮ ಜಿಲ್ಲೆಯಲ್ಲಿಯೂ ನೆಲೆಸಿರುವ ಹಕ್ಕಿಪಿಕ್ಕಿ ಬಂಧುಗಳು ಗಿಡಮೂಲಿಕೆಯ ಎಣ್ಣೆ, ಔಷಧಗಳನ್ನು ಹೊತ್ತು ಆಫ್ರಿಕದವರೆಗೂ ಹೋದವರು. 2023ರ ಏಪ್ರಿಲ್‌ನಲ್ಲಿ ಸುಡಾನಿನ ಯುದ್ಧದಲ್ಲಿ ಸಿಲುಕಿದವರಲ್ಲಿ ಅವರೂ ಇದ್ದರು. ಅವರ ಶ್ರಮಕ್ಕೆ ನಮ್ಮ ಗೌರವವಿದೆ. ಕೊಬ್ಬರಿ ಎಣ್ಣೆಯಾಗಲಿ ಮೂಲಿಕೆಯ ಎಣ್ಣೆಯಾಗಲಿ ಎಳೆಯನ್ನು ನುಣುಪಾಗಿಸಿ ಮುರಿಯದಂತೆ ಕಾಯುತ್ತದೆ. ವಂಶದಿಂದ ಬಂದ ಬೋಳಿನಲ್ಲಿ ಕೂದಲು ಹುಟ್ಟಿಸುತ್ತದೆಂದು ಸಾವಿರಾರು ರೂಪಾಯಿ ಸುರಿಯುವುದನ್ನು ಮಾತ್ರ ನಾವು ಒಪ್ಪೆವು. ಪೋಷಕಾಂಶದ ಮಾತ್ರೆಗಳ ವಿಷಯದಲ್ಲಿಯೂ ಎಚ್ಚರ ಬೇಕು. ಎ ಜೀವಸತ್ವ, ಸೆಲೆನಿಯಂ ಇವು ಅತಿಯಾದರೆ ತಾವೇ ಕೂದಲು ಉದುರಿಸುತ್ತವೆ. 2025ರ ಆರಂಭದಲ್ಲಿ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಹಳ್ಳಿಗಳಲ್ಲಿ ಕೆಲವೇ ದಿನಗಳಲ್ಲಿ ಜನರ ತಲೆ ಬೋಳಾದಾಗ ಅಲ್ಲಿಯೂ ಮೊದಲು ನೀರನ್ನೇ ಶಂಕಿಸಿದರು. ಆಮೇಲೆ ರೋಗಿಗಳ ರಕ್ತದಲ್ಲಿ ಸೆಲೆನಿಯಂ ಹೆಚ್ಚಿದೆಯೆಂಬ ವರದಿಗಳು ಬಂದವು.

ವೈದ್ಯರಲ್ಲಿಗೆ ಹೋಗುವಾಗ ಕಳೆದ 6 ತಿಂಗಳಲ್ಲಿ ಬಂದ ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆಗಳ ತಿಂಗಳನ್ನು, ಸೇವಿಸುತ್ತಿರುವ ಮಾತ್ರೆಗಳ ಹೆಸರನ್ನು ಬರೆದುಕೊಂಡು ಹೋಗಿರಿ. ಎರಡು ವರ್ಷದ ಹಿಂದಿನ ಭಾವಚಿತ್ರವೊಂದಿದ್ದರೆ ಇನ್ನೂ ಒಳ್ಳೆಯದು. ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ತೋರಿಸಬಹುದು. ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆಗಳಿಂದಲೇ ಅನೇಕರ ಸಂಶಯ ಬಗೆಹರಿಯುತ್ತದೆ. ಹೋಗುವ ದಿನ ತಲೆಗೆ ಎಣ್ಣೆ ಹಚ್ಚಬೇಡಿರಿ, ಮಕ್ಕಳಿಗಂತೂ ಬೇಡವೇ ಬೇಡ. ಎಣ್ಣೆಯ ಪದರದಡಿ ಹೊಟ್ಟೂ ಕೆಂಪೂ ಮರೆಯಾಗಿ ವೈದ್ಯರ ಕಣ್ಣಿಗೆ ಬೀಳದೆ ಹೋಗುತ್ತವೆ.